ಕುರಿನಾಯಿ ತಳಿ ಉಳಿಯಲು ಎಷ್ಟು ಅಪ್ಪಂದಿರು ಬೇಕು?

ಬೆಂಗಳೂರಿನ ಅಪಾರ್ಟ್‌ಮೆಂಟುಗಳಲ್ಲಿ ಲ್ಯಾಬ್ರಡಾರ್, ಪಗ್‌ಗಳ ನಡುವೆ ಈಗ ಬಾರ್ಡರ್ ಕಾಲಿ, ಆಸ್ಟ್ರೇಲಿಯನ್ ಶೆಫರ್ಡ್, ಶೆಟ್‌ಲ್ಯಾಂಡ್ ಶೀಪ್‌ಡಾಗ್‌ಗಳೂ ಕಾಣಸಿಗುತ್ತವೆ. ಇವೆಲ್ಲ ಮಂದೆಯ ಜೊತೆ ದುಡಿಯಲೆಂದು ಬೆಳೆಸಿದ ತಳಿಗಳು. ಇವುಗಳಿಗಿಂತಲೂ ವಿರಳವಾದ ಕುರಿನಾಯಿಯ ಒಂದು ಜೋಡಿಯನ್ನು ತರಿಸಿ, ಮರಿ ಮಾಡಿಸಿ, ಆ ತಳಿಯನ್ನು ಉಳಿಸುತ್ತೇವೆ ಎನ್ನುವವರೂ ಇದ್ದಾರೆ. ಅವರ ಪ್ರೀತಿಯ ಬಗ್ಗೆ ನನಗೆ ಅನುಮಾನವಿಲ್ಲ. ಆದರೆ ಒಂದು ಜೋಡಿಯಿಂದ ಯಾವ ತಳಿಯೂ ಉಳಿಯುವುದಿಲ್ಲ. ಪ್ರದರ್ಶನದಲ್ಲಿ ಗೆದ್ದ ಒಂದೇ ಗಂಡು ನಾಯಿಯಿಂದ ಐವತ್ತು ಸೂಲು ಪಡೆದರೂ ಉಳಿಯುವುದಿಲ್ಲ. ಹಾಗೆ ಮಾಡಿದಾಗ ನಾಯಿಗಳ ಸಂಖ್ಯೆ ಏರುತ್ತಿರುವಾಗಲೇ ತಳಿ ಒಳಗಿನಿಂದ ಬಡವಾಗುತ್ತಾ ಹೋಗುತ್ತದೆ. ಅದು ಹೇಗೆಂಬುದನ್ನು ಲೆಕ್ಕ ಹಾಕಿ ನೋಡಿದರೆ ತಳಿ ಸಂರಕ್ಷಣೆಯ ಅರ್ಧ ವಿಷಯ ತಿಳಿದಂತೆ.

ಐಸ್‌ಲ್ಯಾಂಡಿನ ಕುರಿನಾಯಿಯಿಂದ ಆರಂಭಿಸುತ್ತೇನೆ. ಸಾವಿರ ವರ್ಷಕ್ಕೂ ಹಿಂದೆ ಆ ದ್ವೀಪಕ್ಕೆ ವಲಸೆ ಬಂದವರ ಜೊತೆ ಹಡಗಿನಲ್ಲಿ ಬಂದ ನಾಯಿ ಅದು. ಗುಡ್ಡಗಳಲ್ಲಿ ಚದುರಿದ ಕುರಿ, ಕುದುರೆಗಳನ್ನು ಬೊಗಳುತ್ತಾ ಒಟ್ಟುಗೂಡಿಸುವುದು ಅದರ ಕೆಲಸ. ಡಿಸ್ಟೆಂಪರ್ ರೋಗದ ಹಾವಳಿಯಿಂದಲೂ ಬದಲಾದ ಬದುಕಿನಿಂದಲೂ ಇಪ್ಪತ್ತನೆಯ ಶತಮಾನದ ನಡುಭಾಗದ ಹೊತ್ತಿಗೆ ಅದು ದೂರದ ಕಣಿವೆಗಳ ಕೆಲವು ಹೊಲಮನೆಗಳಲ್ಲಿ ಮಾತ್ರ ಉಳಿದಿತ್ತು. 1950ರ ದಶಕದಲ್ಲಿ ಮಾರ್ಕ್ ವಾಟ್ಸನ್ ಎಂಬ ಇಂಗ್ಲೆಂಡಿನವರು ಅಲ್ಲೆಲ್ಲ ಅಲೆದು, ಉಳಿದ ನಾಯಿಗಳನ್ನು ಹುಡುಕಿ, ಕೆಲವನ್ನು ಹೊರದೇಶಕ್ಕೆ ಒಯ್ದು ಸಾಕಿದರು. 1969ರಲ್ಲಿ ಐಸ್‌ಲ್ಯಾಂಡಿನಲ್ಲೇ ಈ ತಳಿಗಾಗಿ ಸಂಘವೊಂದು ಹುಟ್ಟಿತು. ಇಂದು ಹಲವು ದೇಶಗಳಲ್ಲಿ ಈ ನಾಯಿಗಳಿವೆ. ಕಣ್ಮರೆಯಾಗುತ್ತಿದ್ದ ಜೀವವೊಂದನ್ನು ಮನುಷ್ಯರು ಮನಸ್ಸು ಮಾಡಿ ಹಿಂದಕ್ಕೆ ಕರೆತಂದರು ಎಂಬುದು ನಿಜಕ್ಕೂ ದೊಡ್ಡ ಮಾತು.

ಆದರೆ ಕಥೆ ಅಲ್ಲಿಗೆ ಮುಗಿಯುವುದಿಲ್ಲ. 2009ರಲ್ಲಿ ಪ್ರಕಟವಾದ ಒಂದು ಅಧ್ಯಯನ ಈ ತಳಿಯ ಇಡೀ ವಂಶಾವಳಿಯನ್ನು ಮೂಲ ನಾಯಿಗಳವರೆಗೂ ಜಾಲಾಡಿತು. ಸಂಖ್ಯೆ ಹೆಚ್ಚಿದ್ದರೂ, ದೇಶದಿಂದ ದೇಶಕ್ಕೆ ಉದ್ದೇಶಪೂರ್ವಕವಾಗಿ ನಾಯಿಗಳನ್ನು ಸಾಗಿಸಿದ್ದರೂ, ಮೊದಲಿದ್ದ ಆನುವಂಶಿಕ ವೈವಿಧ್ಯದ ಗಣನೀಯ ಭಾಗ ಕಳೆದುಹೋಗಿತ್ತು. ಇನ್ನೊಂದು ಸಂಗತಿ ನನ್ನನ್ನು ಹೆಚ್ಚು ಕಾಡಿತು. ಹಿಂದಿನ ಲೆಕ್ಕಾಚಾರಗಳು ಏಳು ತಲೆಮಾರುಗಳಷ್ಟೇ ಹಿಂದಕ್ಕೆ ಹೋಗಿದ್ದವು. ಮೂಲದವರೆಗೂ ಹೋಗಿ ಎಣಿಸಿದಾಗ ಯಾವ ನಾಯಿ ಯಾವುದಕ್ಕೆ ಎಷ್ಟು ಹತ್ತಿರ ಎಂಬ ಚಿತ್ರವೇ ಬೇರೆಯಾಯಿತು. ಹಳೆಯ ಸಲಹೆಗಳು ನಿಲ್ಲಲಿಲ್ಲ. ನಮ್ಮಲ್ಲಿ ಮರಿಯ ಜೊತೆ ಕೈಗಿಡುವ ಪೆಡಿಗ್ರಿ ಪತ್ರದಲ್ಲಿ ಸಾಮಾನ್ಯವಾಗಿ ಮೂರು-ನಾಲ್ಕು ತಲೆಮಾರಿನ ಹೆಸರುಗಳಿರುತ್ತವೆ. ಅದನ್ನಷ್ಟೇ ನೋಡಿ "ಇವೆರಡಕ್ಕೂ ಸಂಬಂಧವೇ ಇಲ್ಲ" ಎಂದುಕೊಳ್ಳುವುದು ಎಷ್ಟು ದುರ್ಬಲವಾದ ಭರವಸೆ ಎಂದು ಇದರಿಂದ ತಿಳಿಯುತ್ತದೆ.

ಹಾಗಾದರೆ ಹತ್ತಿರದ ಸಂಬಂಧವನ್ನು ಅಳೆಯುವುದು ಹೇಗೆ? ಪ್ರತಿ ಮರಿಗೂ ಪ್ರತಿಯೊಂದು ವಂಶವಾಹಿಯ ಒಂದು ಪ್ರತಿ ತಂದೆಯಿಂದ, ಇನ್ನೊಂದು ತಾಯಿಯಿಂದ ಬರುತ್ತದೆ. ತಂದೆ ತಾಯಿ ಇಬ್ಬರಿಗೂ ಒಬ್ಬ ಪೂರ್ವಜ ಸಮಾನನಾಗಿದ್ದರೆ, ಎರಡು ದಾರಿಗಳಿಂದಲೂ ಅದೇ ಪೂರ್ವಜನ ಅದೇ ಪ್ರತಿ ಮರಿಗೆ ಸಿಗುವ ಸಾಧ್ಯತೆ ಇರುತ್ತದೆ. ಆ ಸಾಧ್ಯತೆಯನ್ನು ಒಳಸಂಕರಣ ಗುಣಾಂಕ ಎನ್ನುತ್ತಾರೆ. ನಮ್ಮ ಕಡೆಯ ಮದುವೆಗಳನ್ನೇ ಉದಾಹರಣೆಯಾಗಿ ತೆಗೆದುಕೊಳ್ಳಬಹುದು. ಅತ್ತೆಯ ಮಗನಿಗೂ ಮಾವನ ಮಗಳಿಗೂ ಮದುವೆಯಾದರೆ ಅವರ ಮಕ್ಕಳಲ್ಲಿ ಈ ಗುಣಾಂಕ ಶೇ 6.25. ಸೋದರಮಾವನಿಗೆ ಅಕ್ಕನ ಮಗಳನ್ನು ಕೊಟ್ಟರೆ ಶೇ 12.5. ಇವೆರಡೂ ಕರ್ನಾಟಕದ ಅನೇಕ ಮನೆಗಳಿಗೆ ಪರಿಚಿತವಾದ ಸಂಬಂಧಗಳು. ನಾಯಿಗಳಲ್ಲಿ ಅಣ್ಣ-ತಂಗಿಯನ್ನೋ ತಂದೆ-ಮಗಳನ್ನೋ ಕೂಡಿಸಿದರೆ ಅದು ಶೇ 25ಕ್ಕೆ ಏರುತ್ತದೆ. "ರಕ್ತ ಗಟ್ಟಿ ಮಾಡಲು" ಎಂದು ಹೇಳಿ ಹೀಗೆ ಕೂಡಿಸುವ ಬ್ರೀಡರ್‌ಗಳು ಈಗಲೂ ಇದ್ದಾರೆ. ಮರಿಗಳ ರೂಪ ಒಂದೇ ಅಚ್ಚಿನಲ್ಲಿ ಬರುವುದೇನೋ ಸರಿ. ಅದರ ಜೊತೆಗೆ ಸೂಲಿನಲ್ಲಿ ಮರಿಗಳ ಸಂಖ್ಯೆ ಇಳಿಯುತ್ತದೆ, ಹುಟ್ಟಿದವುಗಳಲ್ಲಿ ಬದುಕುವವು ಕಡಿಮೆಯಾಗುತ್ತವೆ, ಅಡಗಿದ್ದ ಕಾಯಿಲೆಗಳು ಹೊರಬರುತ್ತವೆ.

ಅಣ್ಣ-ತಂಗಿಯನ್ನು ಕೂಡಿಸದಿದ್ದರೆ ಸಾಕೇ? ಸಾಲದು. ನೂರು ನಾಯಿಗಳಿರುವ ಒಂದು ಪುಟ್ಟ ತಳಿಯನ್ನು ಊಹಿಸಿಕೊಳ್ಳಿ. ಐವತ್ತು ಗಂಡು, ಐವತ್ತು ಹೆಣ್ಣು, ಎಲ್ಲಕ್ಕೂ ಮರಿಗಳಾಗುತ್ತಿವೆ. ಇನ್ನೊಂದು ಊರಿನಲ್ಲಿ ಅಷ್ಟೇ ನಾಯಿಗಳಿವೆ. ಆದರೆ ಎಲ್ಲರಿಗೂ ಚಾಂಪಿಯನ್ ಮರಿಯೇ ಬೇಕಾದ್ದರಿಂದ ಐದೇ ಗಂಡು ನಾಯಿಗಳನ್ನು ತೊಂಬತ್ತೈದು ಹೆಣ್ಣುಗಳಿಗೆ ಕೊಡಿಸುತ್ತಾರೆ. ತಲೆ ಎಣಿಸಿದರೆ ಎರಡೂ ಕಡೆ ನೂರು. ತಳಿವಿಜ್ಞಾನಿಗಳು ಎಣಿಸುವ ಕ್ರಮ ಬೇರೆ. ಗಂಡುಗಳ ಸಂಖ್ಯೆಯನ್ನು ಹೆಣ್ಣುಗಳ ಸಂಖ್ಯೆಯಿಂದ ಗುಣಿಸಿ, ನಾಲ್ಕರಿಂದ ಮತ್ತೆ ಗುಣಿಸಿ, ಒಟ್ಟು ಸಂಖ್ಯೆಯಿಂದ ಭಾಗಿಸಿದರೆ ಬರುವುದು ಪರಿಣಾಮಕಾರಿ ಸಂಖ್ಯೆ. ಮೊದಲ ಊರಿನಲ್ಲಿ ಅದು 100. ಎರಡನೆಯದರಲ್ಲಿ ಕೇವಲ 19. ತೊಂಬತ್ತೈದು ತಾಯಂದಿರಿದ್ದೂ ಐದೇ ತಂದೆಯರಿರುವುದರಿಂದ ಆ ತಳಿ ಹತ್ತೊಂಬತ್ತು ನಾಯಿಗಳ ಗುಂಪಿನಷ್ಟೇ ವೇಗವಾಗಿ ವೈವಿಧ್ಯವನ್ನು ಕಳೆದುಕೊಳ್ಳುತ್ತದೆ.

ಕಳೆದುಕೊಳ್ಳುವ ವೇಗವನ್ನೂ ಲೆಕ್ಕ ಹಾಕಬಹುದು: ಒಂದನ್ನು ಪರಿಣಾಮಕಾರಿ ಸಂಖ್ಯೆಯ ಎರಡರಷ್ಟರಿಂದ ಭಾಗಿಸಬೇಕು. ಮೊದಲ ಊರಿನಲ್ಲಿ ಪ್ರತಿ ತಲೆಮಾರಿಗೆ ಒಳಸಂಕರಣ ಏರುವುದು ಶೇ 0.5, ಎರಡನೆಯದರಲ್ಲಿ ಶೇ 2.6. ಹತ್ತು ತಲೆಮಾರು ಕಳೆಯುವಷ್ಟರಲ್ಲಿ ಮೊದಲ ಊರಿನ ನಾಯಿಗಳಲ್ಲಿ ಅದು ಸುಮಾರು ಶೇ 5 ಆಗುತ್ತದೆ. ಎರಡನೆಯ ಊರಿನಲ್ಲಿ ಶೇ 23. ಒಮ್ಮೆಯೂ ಅಣ್ಣ-ತಂಗಿಯನ್ನು ಕೂಡಿಸದೆ, ಎಲ್ಲರೂ ಎಚ್ಚರವಾಗಿದ್ದೂ, ಆ ಊರಿನ ಸಾಮಾನ್ಯ ನಾಯಿಯೊಂದು ಅಣ್ಣ-ತಂಗಿಗೆ ಹುಟ್ಟಿದ ಮರಿಯ ಸ್ಥಿತಿಗೆ ಹೆಚ್ಚುಕಡಿಮೆ ಬಂದು ತಲುಪುತ್ತದೆ. ಆಮೇಲೆ ಎಲ್ಲಿ ಹುಡುಕಿದರೂ ಸಂಬಂಧವಿಲ್ಲದ ಗಂಡು ಸಿಗುವುದಿಲ್ಲ. ಸಾಕುಪ್ರಾಣಿ ತಳಿಗಳ ಪರಿಣಾಮಕಾರಿ ಸಂಖ್ಯೆ ಕನಿಷ್ಠ 50 ಇರಲಿ ಎಂದು ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ ಹೇಳುವುದು ಈ ಕಾರಣಕ್ಕೆ. ಹಾಗಾಗಿಯೇ ವಿರಳ ತಳಿಯೊಂದರಲ್ಲಿ ಎಲ್ಲರ ಮನ ಗೆದ್ದ ಗಂಡು ನಾಯಿಯ ಬಗ್ಗೆ ನನಗೆ ಭಯ. ಒಂದು ಗಂಡಿಗೆ ಇಂತಿಷ್ಟೇ ಸೂಲು ಎಂಬ ಮಿತಿ ಇಲ್ಲದ ಯಾವ ಸಂಘವೂ ತಳಿಯನ್ನು ಕಾಪಾಡುತ್ತಿಲ್ಲ ಎಂದೇ ನಾನು ಹೇಳುತ್ತೇನೆ. ಕಣ್ಣಿಗೆ ಅಷ್ಟೇನೂ ಚೆಂದ ಕಾಣದ, ಆದರೆ ಆರೋಗ್ಯವಾಗಿರುವ, ಬೇರೆ ವಂಶದ ಗಂಡಿಗೂ ಒಂದು ಸೂಲು ಸಿಗಬೇಕು.

ಸಣ್ಣ ಗುಂಪಿನಲ್ಲಿ ಏನಾಗುತ್ತದೆ ಎಂಬುದಕ್ಕೆ ನಮ್ಮ ಊರಿನ ವಿಜ್ಞಾನಿಗಳೇ ಕಂಡುಕೊಂಡ ಪುರಾವೆಯೊಂದಿದೆ. ಒಡಿಶಾದ ಸಿಮಿಲಿಪಾಲ್‌ನಲ್ಲಿ ಮೈತುಂಬ ಕಪ್ಪು ಪಟ್ಟೆ ಹರಡಿಕೊಂಡ ಹುಲಿಗಳಿವೆ. ಬೆಂಗಳೂರಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದ ಉಮಾ ರಾಮಕೃಷ್ಣನ್ ಮತ್ತು ಅವರ ತಂಡ 2021ರಲ್ಲಿ ಇದಕ್ಕೆ ಒಂದೇ ವಂಶವಾಹಿಯಲ್ಲಾದ ಬದಲಾವಣೆ ಕಾರಣ ಎಂದು ತೋರಿಸಿತು. ಬೇರೆ ಕಾಡುಗಳಿಂದ ಹುಲಿಗಳು ಬರುವ ದಾರಿ ಕಡಿದುಹೋಗಿ, ಇದ್ದವುಗಳ ನಡುವೆಯೇ ಸಂತತಿ ಬೆಳೆದಾಗ, ಎಲ್ಲೋ ಅಪರೂಪಕ್ಕೆ ಇರಬೇಕಾದ ಆ ಬದಲಾವಣೆ ಅಲ್ಲಿ ಸಾಮಾನ್ಯವಾಯಿತು. ಅಲ್ಲಿ ಮೇಲೆ ಬಂದದ್ದು ಬಣ್ಣ. ಇನ್ನೊಂದು ಗುಂಪಿನಲ್ಲಿ ಅದು ಕಣ್ಣಿನ ಕಾಯಿಲೆಯೋ ಹೃದಯದ ದೋಷವೋ ಆಗಿರಬಹುದು.

ಕುರಿನಾಯಿಗಳ ವಂಶದಲ್ಲಿ ಇದು ಆಗಿಯೇ ಹೋಗಿದೆ. ಕಾಲಿ ಎಂಬ ಕುರಿನಾಯಿ (ಇದು ಬಾರ್ಡರ್ ಕಾಲಿಯಲ್ಲ, ಬೇರೆ ತಳಿ) ಮತ್ತು ಅದರ ಬಳಗದ ನಾಯಿಗಳಲ್ಲಿ ಎಂಡಿಆರ್‌1 ಎಂಬ ವಂಶವಾಹಿಯ ಒಂದು ತುಣುಕು ಕಾಣೆಯಾಗಿರುವುದುಂಟು. ಮಿದುಳಿಗೆ ನುಗ್ಗಿದ ಕೆಲವು ಔಷಧಗಳನ್ನು ಹೊರಗೆ ತಳ್ಳುವ ಪ್ರೋಟೀನನ್ನು ತಯಾರಿಸುವುದು ಆ ವಂಶವಾಹಿಯ ಕೆಲಸ. ಅದು ಕೆಟ್ಟಾಗ ಔಷಧ ಮಿದುಳಿನಲ್ಲಿ ಸೇರಿಕೊಳ್ಳುತ್ತದೆ. ನಾಯಿ ಜೊಲ್ಲು ಸುರಿಸುತ್ತದೆ, ತೂರಾಡುತ್ತದೆ, ಕಣ್ಣು ಕಾಣದಂತಾಗುತ್ತದೆ, ಪ್ರಜ್ಞೆ ತಪ್ಪಿ ಸಾಯಲೂಬಹುದು. ಕಾಲಿ ನಾಯಿಗಳಲ್ಲಿ ಸುಮಾರು ಶೇ 70ರಷ್ಟು ಈ ದೋಷದ ಒಂದಾದರೂ ಪ್ರತಿಯನ್ನು ಹೊತ್ತಿವೆ ಎಂದು ಅಮೆರಿಕದಲ್ಲಿ ಕಂಡುಬಂದಿದೆ. ನಮ್ಮಲ್ಲಿ ಕಜ್ಜಿ, ಹುಳುಗಳಿಗೆ ಧಾರಾಳವಾಗಿ ಬಳಸುವ ಐವರ್ಮೆಕ್ಟಿನ್ ಇಂತಹ ಔಷಧಗಳಲ್ಲಿ ಮುಖ್ಯವಾದದ್ದು. ಹಾಗಾಗಿ ಬೆಂಗಳೂರಿನಲ್ಲಿ ಕಾಲಿ, ಶೆಲ್ಟಿ (ಶೆಟ್‌ಲ್ಯಾಂಡ್ ಶೀಪ್‌ಡಾಗ್), ಆಸ್ಟ್ರೇಲಿಯನ್ ಶೆಫರ್ಡ್ ಸಾಕಿರುವವರು ಈ ದೋಷವಿದೆಯೇ ಎಂಬ ಡಿಎನ್‌ಎ ಪರೀಕ್ಷೆ ಮಾಡಿಸದೆ, ಪಶುವೈದ್ಯರಿಗೆ ತಳಿಯ ವಿಷಯ ನೆನಪಿಸದೆ, ಔಷಧದಂಗಡಿಯಿಂದ ತಾವೇ ತಂದು ಕೊಡುವುದನ್ನು ದಯವಿಟ್ಟು ನಿಲ್ಲಿಸಬೇಕು. ಈ ದೋಷ ಎಲ್ಲಿಂದ ಬಂತು ಎಂಬುದೂ ಗೊತ್ತಾಗಿದೆ. 2004ರ ಸಂಶೋಧನೆಯ ಪ್ರಕಾರ ಹಲವು ತಳಿಗಳಲ್ಲಿ ಹರಡಿರುವ ಈ ದೋಷದ ಮೂಲ, 1873ಕ್ಕೂ ಮುಂಚೆ ಬ್ರಿಟನ್ನಿನಲ್ಲಿ ಬದುಕಿದ್ದ ಒಂದೇ ಒಂದು ನಾಯಿ. ಅದರ ಸಂತತಿಯನ್ನು ಜನ ಮೆಚ್ಚಿ ಮೆಚ್ಚಿ ಬೆಳೆಸಿದರು. ದೋಷವೂ ಜೊತೆಗೇ ಬೆಳೆಯಿತು.

ಇದನ್ನು ಕೇಳಿದ ಕೂಡಲೇ ದೋಷ ಹೊತ್ತ ನಾಯಿಗಳನ್ನೆಲ್ಲ ಸಂತಾನದಿಂದ ಹೊರಗಿಡಬೇಕು ಎನಿಸುವುದು ಸಹಜ. ದೊಡ್ಡ ತಳಿಯಲ್ಲಿ ಅದು ನಡೆಯಬಹುದು. ವಿರಳ ತಳಿಯಲ್ಲಿ ಅದೇ ಇನ್ನೊಂದು ಅನಾಹುತ. ಕಾಲಿಗಳ ಕಣ್ಣಿನ ಜನ್ಮದೋಷವನ್ನೇ ನೋಡಿ. ಎರಡೂ ಪ್ರತಿ ಕೆಟ್ಟಿದ್ದರೆ ಮಾತ್ರ ಕಾಯಿಲೆ. ಒಂದು ಪ್ರತಿ ಕೆಟ್ಟಿರುವ ನಾಯಿ ಬರಿಯ ವಾಹಕ, ಅದರ ಕಣ್ಣಿಗೆ ಏನೂ ಆಗದು. ಇಬ್ಬರು ವಾಹಕರನ್ನು ಕೂಡಿಸಿದರೆ ಸರಾಸರಿ ಕಾಲು ಭಾಗ ಮರಿಗಳಿಗೆ ಕಾಯಿಲೆ ಬರುತ್ತದೆ. ವಾಹಕವನ್ನು ದೋಷವಿಲ್ಲದ ನಾಯಿಯ ಜೊತೆ ಕೂಡಿಸಿದರೆ ಒಂದು ಮರಿಗೂ ಕಾಯಿಲೆ ಬರುವುದಿಲ್ಲ. ಅರ್ಧದಷ್ಟು ಮರಿಗಳು ವಾಹಕಗಳಾಗುತ್ತವೆ, ಅಷ್ಟೇ. ಆ ಸೂಲಿನ ದೋಷವಿಲ್ಲದ ಮರಿಯನ್ನು ಆರಿಸಿ ಮುಂದುವರಿಸಿದರೆ ವಾಹಕ ನಾಯಿಯಲ್ಲಿದ್ದ ಉಳಿದ ಸಂಪತ್ತು ತಳಿಯಲ್ಲೇ ಉಳಿಯುತ್ತದೆ. ಒಂದು ಕೆಟ್ಟ ಅಕ್ಷರಕ್ಕಾಗಿ ಇಡೀ ಪುಸ್ತಕವನ್ನು ಸುಡಬೇಕಿಲ್ಲ. ಇಲ್ಲಿ ಇನ್ನೊಂದು ಸೂಕ್ಷ್ಮವಿದೆ. ಈ ದೋಷವನ್ನು ನೇತ್ರಪರೀಕ್ಷೆಯಲ್ಲಿ ಗುರುತಿಸಲು ಮರಿಗೆ ಆರರಿಂದ ಎಂಟು ವಾರವಾಗಿರುವಾಗ ನೋಡುವುದು ಒಳ್ಳೆಯದು. ಆಮೇಲೆ ಕಣ್ಣಿನ ಹಿಂಭಾಗದಲ್ಲಿ ಬಣ್ಣ ತುಂಬಿಕೊಂಡು, ಸೌಮ್ಯ ದೋಷವಿರುವ ನಾಯಿಯೂ ಆರೋಗ್ಯವಂತನಂತೆ ಕಾಣುತ್ತದೆ. ಡಿಎನ್‌ಎ ಪರೀಕ್ಷೆಗೆ ವಯಸ್ಸಿನ ಹಂಗಿಲ್ಲ. ಕೆನ್ನೆಯ ಒಳಭಾಗದ ಲೋಳೆ ಸಾಕು.

ಸೊಂಟದ ಕೀಲಿನ ದೋಷ ಇಷ್ಟು ಸರಳವಲ್ಲ. ಅದರ ಹಿಂದೆ ಅನೇಕ ವಂಶವಾಹಿಗಳಿವೆ, ಆಹಾರ ಮತ್ತು ಬೆಳವಣಿಗೆಯ ಪಾತ್ರವೂ ಇದೆ. ಎಕ್ಸ್-ರೇ ತೆಗೆಸಿ, ಆ ನಾಯಿಯ ಒಡಹುಟ್ಟಿದವುಗಳ ಕೀಲುಗಳನ್ನೂ ನೋಡಿ ತೀರ್ಮಾನಿಸಬೇಕು.

ಬಣ್ಣದ ಹುಚ್ಚಿನ ಬಗ್ಗೆ ಒಂದು ಮಾತು ಹೇಳಲೇಬೇಕು. ಮರ್ಲ್ ಎಂಬ ಮಚ್ಚೆಮಚ್ಚೆಯ ಬೂದು-ನೀಲಿ ಬಣ್ಣಕ್ಕೆ ಪೇಟೆಯಲ್ಲಿ ಬೆಲೆ ಹೆಚ್ಚು. ಒಂದು ಪ್ರತಿ ಇದ್ದರೆ ಆ ಚೆಂದ. ಎರಡು ಮರ್ಲ್ ನಾಯಿಗಳನ್ನು ಕೂಡಿಸಿದರೆ ಕಾಲು ಭಾಗ ಮರಿಗಳಿಗೆ ಎರಡು ಪ್ರತಿ ಬಂದು, ಅವು ಬಹುಮಟ್ಟಿಗೆ ಬೆಳ್ಳಗೆ ಹುಟ್ಟುತ್ತವೆ. ಅವುಗಳಲ್ಲಿ ಅನೇಕ ಮರಿಗಳಿಗೆ ಕಿವಿ ಕೇಳಿಸದು, ಕಣ್ಣು ಸರಿಯಾಗಿ ಬೆಳೆದಿರದು. ಇದು ಗೊತ್ತಿದ್ದೂ ಕೂಡಿಸುವುದು ಕ್ರೌರ್ಯ. ಅದಕ್ಕೆ ಬೇರೆ ಹೆಸರಿಲ್ಲ.

ತಳಿ ಎಂದರೆ ರೂಪವಷ್ಟೇ ಅಲ್ಲ, ಕಸುಬು ಕೂಡ. ಬಾರ್ಡರ್ ಕಾಲಿಗಳ ಮೂಲಪುರುಷನೆಂದು ಎಣಿಸುವ ಓಲ್ಡ್ ಹೆಂಪ್ ಎಂಬ ನಾಯಿ 1893ರಲ್ಲಿ ಇಂಗ್ಲೆಂಡಿನ ನಾರ್ತಂಬರ್ಲೆಂಡಿನಲ್ಲಿ ಹುಟ್ಟಿತು. ಬೊಗಳದೆ, ಕಚ್ಚದೆ, ಬಗ್ಗಿ ದಿಟ್ಟಿಸುತ್ತಲೇ ಕುರಿಗಳನ್ನು ನಡೆಸುವ ಅದರ ರೀತಿಯನ್ನು ಕಂಡು ಕುರಿಗಾಹಿಗಳು ತಮ್ಮ ಹೆಣ್ಣು ನಾಯಿಗಳನ್ನು ಅದರ ಬಳಿಗೆ ಕರೆತಂದರು. ಇಂದಿನ ಬಾರ್ಡರ್ ಕಾಲಿಗಳೆಲ್ಲ ಹೆಚ್ಚುಕಡಿಮೆ ಅದರ ಸಂತತಿಯೇ. ಇಲ್ಲೂ ಒಂದೇ ಗಂಡು ನಾಯಿಯ ನೆರಳು ದೊಡ್ಡದು ಎಂಬುದು ನಿಜ. ಆದರೆ 1906ರಲ್ಲಿ ಆರಂಭವಾದ ಅಂತರರಾಷ್ಟ್ರೀಯ ಕುರಿನಾಯಿ ಸಂಘ ಒಂದು ವಿವೇಕದ ಕೆಲಸ ಮಾಡಿದೆ. ವಂಶಾವಳಿಯ ಕಾಗದವಿಲ್ಲದ ನಾಯಿಯೂ ಕುರಿಗಳ ನಡುವೆ ತನ್ನ ಕಸುಬನ್ನು ಸಾಬೀತುಪಡಿಸಿ, ಆರೋಗ್ಯ ಪರೀಕ್ಷೆಯಲ್ಲಿ ತೇರ್ಗಡೆಯಾದರೆ ಅರ್ಹತೆಯ ಆಧಾರದ ಮೇಲೆ ನೋಂದಣಿ ಪಡೆಯಬಹುದು. ಹೊಸ ರಕ್ತ ಬರುವ ಬಾಗಿಲು ಅಲ್ಲಿ ತೆರೆದೇ ಇದೆ. ಪ್ರದರ್ಶನಕ್ಕೆಂದೇ ಬೆಳೆಸಿದ ತಳಿಗಳ ಸಂಘಗಳು ಸಾಮಾನ್ಯವಾಗಿ ಆ ಬಾಗಿಲಿಗೆ ಬೀಗ ಹಾಕಿಕೊಂಡಿವೆ.

ಬೀಗ ತೆಗೆದರೆ ತಳಿ ಕೆಡುತ್ತದೆ ಎಂಬ ಹೆದರಿಕೆಗೆ ಡಾಲ್ಮೇಷಿಯನ್ ಉತ್ತರ ಕೊಟ್ಟಿದೆ. ಅದು ಕುರಿನಾಯಿಯಲ್ಲ, ಆದರೆ ಪಾಠ ಎಲ್ಲರಿಗೂ ಸಲ್ಲುತ್ತದೆ. ಶುದ್ಧ ಡಾಲ್ಮೇಷಿಯನ್‌ಗಳೆಲ್ಲದರಲ್ಲೂ ಯೂರಿಕ್ ಆಮ್ಲ ಹೆಚ್ಚಿ ಮೂತ್ರದಲ್ಲಿ ಕಲ್ಲಾಗುವ ದೋಷವಿತ್ತು. ತಳಿಯೊಳಗೆ ಸರಿಯಾದ ಪ್ರತಿಯೇ ಉಳಿದಿರಲಿಲ್ಲ. 1973ರಲ್ಲಿ ರಾಬರ್ಟ್ ಶೈಬ್ಲ್ ಎಂಬ ತಳಿವಿಜ್ಞಾನಿ ಒಂದು ಪಾಯಿಂಟರ್ ನಾಯಿಯ ಜೊತೆ ಸಂಕರ ಮಾಡಿಸಿದರು. ಆ ಮರಿಗಳನ್ನು ತಲೆಮಾರು ತಲೆಮಾರಾಗಿ ಮತ್ತೆ ಡಾಲ್ಮೇಷಿಯನ್‌ಗಳಿಗೇ ಕೊಡಿಸುತ್ತಾ ಬಂದಾಗ ರೂಪದಲ್ಲಿ ವ್ಯತ್ಯಾಸ ಕಾಣದಾಯಿತು, ದೋಷ ಮಾತ್ರ ಹೋಯಿತು. ಅಮೆರಿಕದ ಕೆನಲ್ ಕ್ಲಬ್ ಅವುಗಳನ್ನು ಒಪ್ಪಿಕೊಂಡದ್ದು 2011ರಲ್ಲಿ. ಅಷ್ಟು ವರ್ಷ ತಡೆದದ್ದು ವಿಜ್ಞಾನವಲ್ಲ, ಶುದ್ಧತೆಯ ಮೋಹ.

ತಾಯಿ ನಾಯಿಯ ವಿಷಯದಲ್ಲಿ ನಮ್ಮ ದೇಶದ ಕಾನೂನು ಸ್ಪಷ್ಟವಾಗಿದೆ. ಪ್ರಾಣಿಗಳ ಮೇಲಿನ ಕ್ರೌರ್ಯ ತಡೆ ಕಾಯ್ದೆಯಡಿ 2017ರಲ್ಲಿ ನಾಯಿಗಳ ಸಂತಾನ ಮತ್ತು ಮಾರಾಟದ ನಿಯಮಗಳು ಬಂದವು. ಬ್ರೀಡರ್ ರಾಜ್ಯದ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಿಕೊಂಡಿರಬೇಕು. ಹೆಣ್ಣಿಗೆ ಹದಿನೆಂಟು ತಿಂಗಳಾಗುವ ಮುನ್ನ ಗಬ್ಬ ಕಟ್ಟಿಸುವಂತಿಲ್ಲ, ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಸೂಲು ಕೂಡದು, ಜೀವಮಾನದಲ್ಲಿ ಐದನ್ನು ಮೀರಬಾರದು. ಎಂಟು ವಾರ ತುಂಬದ ಮರಿಯನ್ನು ಮಾರುವಂತಿಲ್ಲ. ಈ ಕೊನೆಯ ನಿಯಮ ಬರಿಯ ಹಾಲಿಗಾಗಿ ಇಟ್ಟದ್ದಲ್ಲ. ಕಚ್ಚುವಾಗ ಎಷ್ಟು ಬಿಗಿ ಹಿಡಿಯಬೇಕು, ಇನ್ನೊಂದು ನಾಯಿ ಗುರುಗುಟ್ಟಿದಾಗ ಏನು ಮಾಡಬೇಕು ಎಂಬುದನ್ನು ಮರಿ ಕಲಿಯುವುದು ಆ ವಾರಗಳಲ್ಲಿ, ತಾಯಿ ಮತ್ತು ಒಡಹುಟ್ಟಿದವುಗಳ ನಡುವೆ. ಕುರಿನಾಯಿಯ ಬುದ್ಧಿ ಚುರುಕು. ಆ ಕಲಿಕೆ ತಪ್ಪಿದರೆ ಅದು ಅಪಾರ್ಟ್‌ಮೆಂಟಿನ ಮಕ್ಕಳನ್ನು, ಸೈಕಲ್ಲುಗಳನ್ನು ಮಂದೆಯೆಂದು ಭಾವಿಸಿ ಹಿಮ್ಮಡಿಗೆ ಬಾಯಿ ಹಾಕುತ್ತದೆ. ಹೀಗಾಗಿ ಮರಿ ಕೊಳ್ಳಲು ಹೋದವರು ತಾಯಿಯನ್ನು ನೋಡಲೇಬೇಕು, ಪರೀಕ್ಷೆಗಳ ವರದಿ ಕೇಳಲೇಬೇಕು, ಅದರ ಅಪ್ಪನಿಗೆ ಈವರೆಗೆ ಎಷ್ಟು ಸೂಲು ಆಗಿದೆ ಎಂದೂ ಕೇಳಬೇಕು. ಈ ಮೂರನೆಯ ಪ್ರಶ್ನೆಯನ್ನು ಕೇಳುವವರು ಬಹಳ ಕಡಿಮೆ. ಸಾಕಲಾಗದಿದ್ದರೆ ಯಾವ ವಯಸ್ಸಿನಲ್ಲಾದರೂ ನಾಯಿಯನ್ನು ಹಿಂದಕ್ಕೆ ಪಡೆಯುತ್ತೇನೆ ಎಂದು ಬರೆದುಕೊಡುವ ಬ್ರೀಡರ್ ಸಿಕ್ಕರೆ ಅವರನ್ನು ನಂಬಬಹುದು.

ಗಂಡು ಸಿಗದಿದ್ದರೆ ವೀರ್ಯವನ್ನು ತರಿಸಬಹುದು. ಬೆಂಗಳೂರಿನ ಹೆಸರಘಟ್ಟದ ಕೇಂದ್ರದಲ್ಲಿ ಹೋರಿ, ಕೋಣಗಳ ವೀರ್ಯವನ್ನು ದ್ರವ ಸಾರಜನಕದಲ್ಲಿ ಮೈನಸ್ 196 ಡಿಗ್ರಿಯಲ್ಲಿ ಕಾಪಿಡುವ ಕೆಲಸ ದಶಕಗಳಿಂದ ನಡೆದಿದೆ. ನಾಯಿಗಳಲ್ಲೂ ಇದು ಸಾಧ್ಯ. ಸತ್ತು ಎಷ್ಟೋ ವರ್ಷಗಳಾದ ಗಂಡಿನಿಂದಲೂ ಮರಿ ಪಡೆದು, ಕಳೆದುಹೋಗುತ್ತಿದ್ದ ವಂಶವೊಂದನ್ನು ಹಿಂದಕ್ಕೆ ತರಬಹುದು. ಆದರೆ ಇದೇ ತಂತ್ರದಿಂದ ಒಂದೇ ಚಾಂಪಿಯನ್ನಿನ ಮರಿಗಳಿಂದ ಲೋಕವನ್ನು ತುಂಬಿಸಲೂ ಬರುತ್ತದೆ ಎಂಬುದನ್ನು ಮರೆಯಬಾರದು.

ಇಷ್ಟೆಲ್ಲ ಹೇಳಿದ ಮೇಲೆ ನನ್ನ ಮನಸ್ಸು ಹೋಗುವುದು ನಮ್ಮದೇ ಮಂದೆಯ ನಾಯಿಗಳ ಕಡೆಗೆ. ಹಿಮಾಲಯದ ಕುರಿನಾಯಿಗೆ 2005ರಲ್ಲಿ ಅಂಚೆಚೀಟಿಯ ಗೌರವ ಸಿಕ್ಕಿತು. ಹಿಮಾಚಲದ ಕುರಿಗಾಹಿಗಳ ಗದ್ದಿ ನಾಯಿಯನ್ನು ಕರ್ನಾಲ್‌ನ ರಾಷ್ಟ್ರೀಯ ಪ್ರಾಣಿ ಆನುವಂಶಿಕ ಸಂಪನ್ಮೂಲ ಬ್ಯೂರೊ ದೇಶಿ ತಳಿಯೆಂದು ಗುರುತಿಸಿದೆ. ಜಮ್ಮು-ಕಾಶ್ಮೀರದ ಅಲೆಮಾರಿ ಕುರಿಗಾಹಿಗಳ ಬಳಿ ಬಕರ್ವಾಲ್ ನಾಯಿಯಿದೆ. ಇವು ಬಾರ್ಡರ್ ಕಾಲಿಯಂತೆ ಕುರಿ ಅಟ್ಟುವ ನಾಯಿಗಳಿಗಿಂತ ಹೆಚ್ಚಾಗಿ ಮಂದೆಯ ಕಾವಲಿಗೆ ನಿಲ್ಲುವಂಥವು. ಕರ್ನಾಟಕದಲ್ಲಿ ಮುಧೋಳ ನಾಯಿಗಾಗಿ ಬಾಗಲಕೋಟೆ ಜಿಲ್ಲೆಯ ತಿಮ್ಮಾಪುರದಲ್ಲಿ ಬೀದರ್‌ನ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಕೇಂದ್ರವಿದೆ. ಆದರೆ ಅದು ಬೇಟೆಯ ನಾಯಿ. ಸುಗ್ಗಿಯ ನಂತರ ರೈತರ ಹೊಲಗಳಲ್ಲಿ ಗೊಬ್ಬರಕ್ಕಾಗಿ ಡೆಕ್ಕನಿ ಕುರಿಗಳ ಮಂದೆ ನಿಲ್ಲಿಸುತ್ತಾ ಊರೂರು ಅಲೆಯುವ ಕುರುಬರ ಜೊತೆ, ರಾತ್ರಿಯೆಲ್ಲ ತೋಳಗಳಿಂದ ಮಂದೆಯನ್ನು ಕಾಯುವ ನಾಯಿಗಳಿಗೆ ಯಾವ ಪುಸ್ತಕದಲ್ಲೂ ಹೆಸರಿಲ್ಲ.

ಅವುಗಳಿಗೆ ಇನ್ನೂ ಯಾರೂ ಬೀಗ ಹಾಕಿಲ್ಲ ಎಂಬುದು ಸಮಾಧಾನದ ಸಂಗತಿ. ಯಾವುದೇ ಊರಿನ ಗಂಡು ಬಂದು ಸೇರಬಹುದು, ಕೆಲಸಕ್ಕೆ ಬಾರದ ನಾಯಿ ಮಂದೆಯಲ್ಲಿ ಉಳಿಯುವುದಿಲ್ಲ. ಸಂಕಟವಿರುವುದು ಬೇರೆಡೆ. ಮೇಯುವ ಬಯಲು ಕಡಿಮೆಯಾಗಿ ಮಂದೆಗಳೇ ಕರಗಿದರೆ ನಾಯಿಗೂ ಕೆಲಸವಿಲ್ಲ. ಅದಕ್ಕೂ ಮುನ್ನ ಮಾಡಬೇಕಾದದ್ದು ಹೊಸ ಕೆನಲ್ ಕಟ್ಟುವುದಲ್ಲ. ಕುರಿಗಾಹಿಗಳ ಜೊತೆ ಕುಳಿತು, ಯಾವ ಮಂದೆಯಲ್ಲಿ ಯಾವ ನಾಯಿ, ಅದರ ತಾಯಿ ಎಲ್ಲಿಂದ ಬಂತು, ತೋಳದ ಎದುರು ಅದು ಹೇಗೆ ನಿಲ್ಲುತ್ತದೆ ಎಂದು ಬರೆದಿಡಬೇಕು. ಕುರಿಗೆ ಲಸಿಕೆ ಹಾಕಲು ಹೋದಾಗ ನಾಯಿಗೂ ರೇಬಿಸ್ ಮತ್ತು ಡಿಸ್ಟೆಂಪರ್ ಲಸಿಕೆ ಹಾಕಬೇಕು, ಮಾಲೀಕರು ಒಪ್ಪಿದರೆ ಅದೇ ಹೊತ್ತಿನಲ್ಲಿ ಕೆನ್ನೆಯ ಲೋಳೆಯ ಮಾದರಿಯನ್ನೂ ತೆಗೆದಿಡಬೇಕು. ಕೊಪ್ಪಳದಿಂದ ಬೆಳಗಾವಿಯವರೆಗೆ ಬೇರೆ ಬೇರೆ ಮಂದೆಗಳಿಂದ ಅಂತಹ ಮಾದರಿಗಳು ಸಿಕ್ಕರೆ, ಅವುಗಳನ್ನು ಓದಬಲ್ಲ ಪ್ರಯೋಗಾಲಯಗಳು ಬೆಂಗಳೂರಿನಲ್ಲೇ ಇವೆ.